ಒಂದೇ ಬೀಜ, ಮೂರು ಸಸಿ

ಪ್ರಶ್ನೆ: ಕಸಿಯ ಬುಡಗಿಡಕ್ಕೆಂದು ಕವರಿನಲ್ಲಿ ರಂಗಪುರ ನಿಂಬೆ ಬೀಜ ಹಾಕಿದ್ದೆವು. ಒಂದೊಂದು ಬೀಜದಿಂದ ಎರಡು ಮೂರು ಸಸಿ ಬಂದಿವೆ. ಯಾವುದನ್ನು ಉಳಿಸಲಿ, ಕಸಿ ಯಾವಾಗ?
– ಓದುಗರು, ಮದ್ದೂರು

ಉತ್ತರ: ಗಾಬರಿ ಬೇಡ, ನಿಂಬೆ ಜಾತಿಯಲ್ಲಿ ಇದು ಮಾಮೂಲು. ಇವುಗಳಲ್ಲಿ ಹೆಚ್ಚಿನವು ತಾಯಿ ಗಿಡದ ಪಡಿಯಚ್ಚೇ. ಹಾಗಾಗಿ ತೀರಾ ಕುಳ್ಳಗಿರುವುದು, ವಿಪರೀತ ಎತ್ತರ ಹೋಗಿರುವುದು, ಎಲೆಯ ಆಕಾರವೇ ಬೇರೆ ಇರುವುದು, ಇವನ್ನೆಲ್ಲ ಮುಲಾಜಿಲ್ಲದೆ ಕಿತ್ತುಹಾಕಿ, ಒಂದೇ ಥರ ಬೆಳೆದವುಗಳಲ್ಲಿ ಕವರಿಗೆ ಒಂದನ್ನು ಮಾತ್ರ ಬಿಡಿ. ಆಮೇಲೆ ಒಂದು ಕವರ್ ಹರಿದು ಬೇರು ನೋಡಿ. ತಾಯಿಬೇರು ತಳದಲ್ಲಿ ಸುರುಳಿ ಸುತ್ತಿದ್ದರೆ ಅಂಥ ಸಸಿಗೆ ಕಸಿ ಕಟ್ಟುವುದು ಸುಮ್ನೆ ದಂಡ. ಕಾಂಡ ಪೆನ್ಸಿಲ್ ದಪ್ಪ ಆಗಿ, ತೊಗಟೆ ಸಲೀಸಾಗಿ ಬಿಡುವಾಗ ಮಣ್ಣಿನಿಂದ 20 ಸೆಂ.ಮೀ. ಮೇಲೆ ಕಣ್ಣು ಕಸಿ (ಬೇಕಾದ ತಳಿಯ ಮೊಗ್ಗನ್ನು ತೊಗಟೆಯೊಳಗೆ ಕೂರಿಸುವುದು) ಮಾಡಿ. ಕೆಳಗೆ ಮಾಡಿದರೆ ಮಳೆಗೆ ಕೆಸರು ಸಿಡಿದು ಬುಡಕೊಳೆ ಬರುವ ಭಯ ಜಾಸ್ತಿ.