ವರ್ಕ್‌ಶಾಪ್ ಪ್ರಶ್ನೋತ್ತರ: ಹಸಿರು ಶೀಟು, ಮೊಂಡಾದ ಡ್ರಿಲ್ಲು

ಪ್ರಶ್ನೆ: ಸರ್, ಭೋಸರಿಯ ಎಂಐಡಿಸಿ ಕೈಗಾರಿಕಾ ಪ್ರದೇಶದಲ್ಲಿ ನನ್ನದೊಂದು ಸಣ್ಣ ವರ್ಕ್‌ಶಾಪ್ ಇದೆ. ಇಷ್ಟು ದಿನ ಹೈಲಂ ಶೀಟಿನ (ಕಾಗದ ಅಥವಾ ಬಟ್ಟೆಯನ್ನು ರಾಳದಲ್ಲಿ ಒತ್ತಿ ಮಾಡಿದ ಶೀಟು) ಕೆಲಸ ಮಾಡುತ್ತಿದ್ದೆ. ಈಗ ಪ್ಯಾನೆಲ್ ಬೋರ್ಡಿಗೆಂದು 10 ಮಿ.ಮೀ. ದಪ್ಪದ ಹಸಿರು ಗ್ಲಾಸ್ ಎಪಾಕ್ಸಿ ಪ್ಲೇಟು 25 ಬಂದಿವೆ. ಒಂದೊಂದಕ್ಕೆ 9 ಮಿ.ಮೀ. ಅಳತೆಯ 16 ತೂತು. ಎಚ್‌ಎಸ್‌ಎಸ್ (ಹೈಸ್ಪೀಡ್ ಸ್ಟೀಲ್) ಡ್ರಿಲ್ಲು ಒಂದು ಪ್ಲೇಟು ಮುಗಿಯುವಷ್ಟರಲ್ಲಿ ಮೊಂಡಾಗುತ್ತದೆ, ಕೆಳಗಡೆ ಪದರ ಕಿತ್ತು ಬರುತ್ತದೆ. ಏರ್‌ಗನ್ ಹಿಡಿದು ಪುಡಿ ಊದುವ ಹುಡುಗನಿಗೆ ರಾತ್ರಿಯೆಲ್ಲ ಕೈ ತುರಿಕೆಯಂತೆ. ಏನು ಮಾಡಲಿ?
– ಗೋಕಾಕ ಕಡೆಯ ಓದುಗರು, ಪುಣೆ

ಉತ್ತರ: ನಿಮ್ಮ ಪತ್ರದಲ್ಲಿ ಕೊನೆಗೆ ಬಂದ ಹುಡುಗನ ಮಾತನ್ನೇ ನಾನು ಮೊದಲು ಎತ್ತಿಕೊಳ್ಳುತ್ತೇನೆ. ಏರ್‌ಗನ್ ಇವತ್ತೇ ನಿಲ್ಲಿಸಿ. ಈ ಶೀಟಿನೊಳಗಿರುವುದು ಎಪಾಕ್ಸಿ ರಾಳದಲ್ಲಿ ಹಿಡಿದಿಟ್ಟ ಗಾಜಿನ ನೂಲು, ಒಂದು ಎಳೆಯ ದಪ್ಪ ಸುಮಾರು 10 ಮೈಕ್ರಾನ್. ಅದು ಕಲ್ನಾರಿನಂತೆ ಉದ್ದಕ್ಕೆ ಸೀಳಿ ಇನ್ನೂ ತೆಳ್ಳಗಾಗುವುದಿಲ್ಲ, ಅಡ್ಡಕ್ಕೆ ಮುರಿಯುತ್ತದೆ. ಆ ತುಂಡುಗಳೇ ಚರ್ಮಕ್ಕೆ ಚುಚ್ಚಿ ತುರಿಸುವುದು. ಆದರೆ ಜೊತೆಗೆ ಏಳುವ ರಾಳದ ಸಣ್ಣ ಪುಡಿ ಎದೆಯೊಳಗೆ ಇಳಿಯುತ್ತದೆ. ಊದಿದರೆ ಅದು ಶೆಡ್ ತುಂಬ ತೇಲುತ್ತದೆ. ಅತಿ ಸಣ್ಣ ಪುಡಿಯನ್ನೂ ಹಿಡಿಯುವ ಹೆಪಾ ಫಿಲ್ಟರ್ ಇರುವ ವ್ಯಾಕ್ಯೂಮಿನ ಬಾಯಿಯನ್ನು ಡ್ರಿಲ್ಲಿನ ಪಕ್ಕದಲ್ಲೇ ಕಟ್ಟಿ. ಮನೆಯ ವ್ಯಾಕ್ಯೂಮ್ ಆಗದು, ಸಣ್ಣ ಪುಡಿಯನ್ನು ಹಿಂದಿನಿಂದ ಹೊರಗೆ ಬಿಡುತ್ತದೆ. ಮೂಗಿಗೆ ಕರವಸ್ತ್ರ ಸಾಲದು, ಎನ್95 ಮಾಸ್ಕ್ ಬೇಕು, ಕಣ್ಣಿಗೆ ಕನ್ನಡಕ. ಆದರೆ ತುರಿಕೆಗೆ ಹೆದರಿ ಕೈಗವಸು ಹಾಕಿಸಬೇಡಿ. ತಿರುಗುವ ಡ್ರಿಲ್ಲು ಗವಸನ್ನು ಹಿಡಿದರೆ ಬೆರಳನ್ನೂ ಎಳೆದುಕೊಳ್ಳುತ್ತದೆ. ಕೆಲಸ ಮುಗಿದ ಮೇಲೆ ಕೈಗಳನ್ನು ತಣ್ಣೀರು, ಸೋಪಿನಲ್ಲಿ ತೊಳೆಯಲಿ, ಉಜ್ಜದಿರಲಿ. ಆ ಬಟ್ಟೆಯನ್ನು ಮನೆಯವರ ಬಟ್ಟೆಯೊಂದಿಗೆ ನೆನೆಹಾಕಬಾರದು.

ಇನ್ನು ಡ್ರಿಲ್ಲು. ಹೈಲಂನಲ್ಲಿ ಕಾಗದ ಅಥವಾ ಬಟ್ಟೆ, ಇಲ್ಲಿ ಗಾಜು. ಕೊಯ್ಯುವ ಅಂಚನ್ನು ಅದು ಮರಳಿನಂತೆ ತಿಕ್ಕುತ್ತದೆ. ಎಚ್‌ಎಸ್‌ಎಸ್ ಅನ್ನು ಎಷ್ಟು ಸಲ ಸಾಣೆ ಹಿಡಿದರೂ 400 ತೂತಿಗೆ ಅದು ಬಾಳುವುದಿಲ್ಲ. ಅದಕ್ಕಿಂತ ಗಟ್ಟಿಯಾದ ಸಾಲಿಡ್ ಕಾರ್ಬೈಡ್ ಡ್ರಿಲ್ ತನ್ನಿ. ಕೈ ಡ್ರಿಲ್ಲಿಗೆ ಹಾಕಿದರೆ ಮುರಿಯುತ್ತದೆ, ಪಿಲ್ಲರ್ ಡ್ರಿಲ್ಲಿಂಗ್ ಮೆಷೀನಿನಲ್ಲೇ ಹಾಕಿ, ಡ್ರಿಲ್ಲು ಹಿಡಿಯುವ ಚಕ್ ಅಲುಗಾಡದಂತೆ ನೋಡಿ. 9 ಮಿ.ಮೀ.ಗೆ 2500 ಆರ್‌ಪಿಎಂ ಸುತ್ತಮುತ್ತ ಇರಲಿ. ತಡೆತಡೆದು ಒತ್ತಬೇಡಿ, ಕೊಯ್ಯದೆ ಬರೀ ಉಜ್ಜುತ್ತ ನಿಂತ ಅಂಚು ಬೇಗ ಸಾಯುತ್ತದೆ, ರಾಳ ಸುಟ್ಟ ವಾಸನೆಯೂ ಬರುತ್ತದೆ.

ಪದರ ಕೀಳುವುದು ಡ್ರಿಲ್ಲು ಹೊರಬೀಳುವ ಗಳಿಗೆಯಲ್ಲಿ. ಕೊನೆಯ ಪದರಕ್ಕೆ ಆಸರೆ ಇಲ್ಲದಿದ್ದರೆ ಅದು ಕೊಯ್ಯಿಸಿಕೊಳ್ಳುವ ಬದಲು ಕೆಳಕ್ಕೆ ತಳ್ಳಿಸಿಕೊಳ್ಳುತ್ತದೆ. ನಿಮ್ಮಲ್ಲಿ ಉಳಿದ ಹೈಲಂ ತುಂಡನ್ನೇ ಕೆಳಗಿಟ್ಟು ಕ್ಲಾಂಪ್ ಬಿಗಿಯಿರಿ, ಹೊರಬೀಳುವಾಗ ಒತ್ತಡ ಇಳಿಸಿ. ಒಂದೇ ತುಂಡಿನ ಅದೇ ತೂತಿನ ಮೇಲೆ ಎರಡನೇ ಪ್ಲೇಟು ಇಟ್ಟರೆ ಆಸರೆ ಸಿಗದು, ಸರಿಸುತ್ತ ಇರಿ. ಡ್ರಿಲ್ಲು ಸವೆದಂತೆ ತೂತು ಸಣ್ಣದಾಗುತ್ತ ಬರುತ್ತದೆ, ಹಾಗಾಗಿ ಪ್ಲೇಟಿಗೊಮ್ಮೆ ತೂತಿನ ಅಳತೆ ನೋಡುವ ಪ್ಲಗ್ ಗೇಜ್ ಹಾಕಿ ನೋಡಿ.

ನೀವು ಕೇಳದ ಒಂದು ಮಾತು. ಚಿಂಚವಾಡದ ಒಂದು ಟೂಲ್‌ರೂಮಿನಲ್ಲಿ ನಾನು ಲೇತ್ ಮೇಲಿದ್ದಾಗ ಗಾಜು ಬೆರೆಸಿದ ನೈಲಾನ್ ಬುಷ್ ಟರ್ನಿಂಗ್ ಮಾಡುತ್ತಿದ್ದೆವು. ಲೇತಿನ ಬೆಡ್ (ಟೂಲ್ ಹಿಡಿದ ಭಾಗ ಜಾರುವ ಹಳಿ) ಮುಚ್ಚಬೇಕೆಂದು ಯಾರೂ ಹೇಳಲಿಲ್ಲ, ನನಗೂ ಹೊಳೆಯಲಿಲ್ಲ. ಪುಡಿ ಬೆಡ್ಡಿನ ಎಣ್ಣೆಯಲ್ಲಿ ಕಲೆತು ವಾಲ್ವ್ ಉಜ್ಜುವ ಪೇಸ್ಟಿನಂತಾಯಿತು. ಚಕ್ಕಿನ ಹತ್ತಿರದ ಬೆಡ್ಡು ಸವೆದು, ಆಮೇಲೆ ಆ ಲೇತಿನಲ್ಲಿ ಉದ್ದನೆಯ ಶಾಫ್ಟು ನೇರ ಬರಲೇ ಇಲ್ಲ. ಒಳ್ಳೆಯ ಲೇತು ಅದು, ಇವತ್ತಿಗೂ ನನಗೆ ಸಂಕಟ. ಲೇತಿಗೆ ಇಂಥ ಜಾಬ್ ಬಂದರೆ ಮೊದಲು ಎಣ್ಣೆ ಒರೆಸಿ ಬೆಡ್ಡಿಗೆ ಕಾಗದ ಹಾಸಿ. ಮುಗಿದ ಮೇಲೆ ಪುಡಿಯನ್ನು ವ್ಯಾಕ್ಯೂಮಿನಿಂದ ಎಳೆಸಿ, ಒದ್ದೆ ಬಟ್ಟೆಯಿಂದ ಒರೆಸಿ ಒಣಗಿಸಿ, ಹೊಸ ಎಣ್ಣೆ ಬಿಡಿ.

ಮುಂದಿನ ಲಾಟಿಗೆ ದರ ಬರೆದುಕೊಡುವಾಗ ಕಾರ್ಬೈಡ್ ಡ್ರಿಲ್ಲು, ಮಾಸ್ಕು, ಫಿಲ್ಟರ್ ಮೂರನ್ನೂ ಸೇರಿಸಿ. ಹೈಲಂನ ದರಕ್ಕೆ ಒಪ್ಪಿಕೊಳ್ಳಬೇಡಿ.