ಆರೆ ಕಾಡಿಗೆ ಬಿಡಬೇಡಿ

ಡೊಂಬಿವಲಿಯ ಫ್ಲ್ಯಾಟಿನಲ್ಲಿ ಎರಡು ಮೊಲ ಆರಾಗಿವೆ, ಮುಂಬೈನ ಆರೆ ಕಾಡಿಗೆ ಬಿಡಲೇ ಅಂತ ಕೇಳಿದ್ದೀರಿ. ಬೇಡ ಸರ್. ಸಾಕುಮೊಲ ಯುರೋಪಿನ ಮೂಲದ್ದು, ನಮ್ಮ ಕಾಡುಮೊಲದ ಜಾತಿಯೇ ಬೇರೆ. ನಾಯಿಗಳ ಬಾಯಿಗೆ ಒಂದೇ ರಾತ್ರಿ ಸಾಕು. ಅಲ್ಲಿ ಚಿರತೆಯೂ ಇದೆ ಬಿಡಿ.

ಮೊದಲು ಇವತ್ತೇ ಗಂಡು, ಹೆಣ್ಣು ಬೇರೆ ಮಾಡಿ. ಗರ್ಭ ಸುಮಾರು 31 ದಿನ ಅಷ್ಟೇ, ಹೆತ್ತ ದಿನವೇ ಮತ್ತೆ ಗಬ್ಬ ನಿಲ್ಲಬಹುದು. ಮರಿಗಳನ್ನೂ ಮೂರು ತಿಂಗಳಾಗುವ ಮೊದಲೇ ಬೇರ್ಪಡಿಸಿ. ಗಂಡಿಗೆ ಸಂತಾನಹರಣ ಮಾಡಿಸಿ, ಆದರೆ ಮೊಲ ನೋಡಿ ಅಭ್ಯಾಸವಿರುವ ವೈದ್ಯರೇ ಆಗಬೇಕು.

ಮೊಲ ಕೊಡುತ್ತೇವೆ ಅಂತ ಜಾಹೀರಾತು ಹಾಕುವಾಗ ‘ಪುಕ್ಕಟೆ’ ಅಂತ ಮಾತ್ರ ಬರೆಯಬೇಡಿ, ಮಾಂಸಕ್ಕೆ ಒಯ್ಯುವವರೂ ಬರುತ್ತಾರೆ. ನಾನು ನನ್ನ ಜೋಡಿಯನ್ನು ಠಾಣೆ ಊರಿನವರೊಬ್ಬರಿಗೆ ಕೊಡುವ ಮೊದಲು ಅವರ ಮನೆಗೇ ಹೋಗಿ ನೋಡಿದ್ದೆ. ಗಜ್ಜರಿಯಲ್ಲ, ಒಣಹುಲ್ಲೇ ಮುಖ್ಯ ಆಹಾರ ಅಂತ ಗೊತ್ತಿದ್ದವರಿಗೇ ಕೊಡಿ.