ಅಣೆಕಟ್ಟು ನಿಮ್ಮದು, ಆಂಧ್ರಕ್ಕೇಕೆ ನೀರು?

ಬಳ್ಳಾರಿ ಜಿಲ್ಲೆಯ ಸಿರುಗುಪ್ಪದವರು ನಾವು ಎಂದ ಕೂಡಲೇ ಬೆಂಗಳೂರು ಕಡೆಯವರು ತುಂಗಭದ್ರಾ ಅಣೆಕಟ್ಟಿನ ಬಗ್ಗೆ ಕೇಳುವ ಪ್ರಶ್ನೆ ಇದು. ಉತ್ತರ ಇರುವುದು 1953ರಲ್ಲಿ.

1945ರ ಫೆಬ್ರುವರಿಯಲ್ಲಿ ತುಂಗಭದ್ರಾ ಅಣೆಕಟ್ಟಿಗೆ ಅಡಿಗಲ್ಲು ಬಿದ್ದಾಗ ಹೊಳೆಯ ಬಲದಂಡೆ ಮದ್ರಾಸ್ ಪ್ರಾಂತ್ಯದ್ದು, ಎಡದಂಡೆ ಹೈದರಾಬಾದ್ ಸಂಸ್ಥಾನದ್ದು. ಆಗ ಆದೋನಿ, ಆಲೂರು, ರಾಯದುರ್ಗ ನಮ್ಮ ಬಳ್ಳಾರಿ ಜಿಲ್ಲೆಯ ತಾಲ್ಲೂಕುಗಳೇ. 1953ರ ಅಕ್ಟೋಬರ್ 1ರಂದು ಬಳ್ಳಾರಿ ಮೈಸೂರಿಗೆ ಬಂತು, ಆ ಮೂರು ತಾಲ್ಲೂಕುಗಳು ಹೊಸ ಆಂಧ್ರ ರಾಜ್ಯಕ್ಕೆ ಹೋದವು. ಜಿಲ್ಲೆ ಒಡೆದರೂ ಕಾಲುವೆ ಒಡೆಯುವಂತಿರಲಿಲ್ಲ. ಎರಡೂ ರಾಜ್ಯಗಳಿಗೆ ನೀರು ಹಂಚುವ ತುಂಗಭದ್ರಾ ಮಂಡಳಿ ಹುಟ್ಟಿದ್ದು ಅದಕ್ಕಾಗಿಯೇ. ಬಲದಂಡೆಯ ಮೇಲ್ಮಟ್ಟದ ಮತ್ತು ಕೆಳಮಟ್ಟದ ಕಾಲುವೆಗಳು ಇಂದಿಗೂ ನಮ್ಮ ಹೊಲಗಳನ್ನು ದಾಟಿಕೊಂಡೇ ಅನಂತಪುರ, ಕರ್ನೂಲು ಕಡೆಗೆ ಹೋಗುತ್ತವೆ. ಅಲ್ಲಿರುವವರು ಪರರಲ್ಲ, ಆದೋನಿಯೊಂದಿಗೆ ನಮಗೆ ಹೆಣ್ಣು ಕೊಟ್ಟು ತರುವ ನಂಟಿದೆ.

ಅಣೆಕಟ್ಟೆಯ ಬಗ್ಗೆಯೂ ಹೇಳಲೇಬೇಕು. ಸಿಮೆಂಟಿನ ಬದಲು ಸುಣ್ಣಕ್ಕೆ ಸುಟ್ಟ ಇಟ್ಟಿಗೆಯ ಪುಡಿ ಬೆರೆಸಿದ ಸುರ್ಕಿ ಗಾರೆಯಲ್ಲಿ ಕಲ್ಲು ಕೂರಿಸಿ ಕಟ್ಟಿದ್ದು. ಆ ಗೋಡೆ ಎಪ್ಪತ್ತು ವರ್ಷ ದಾಟಿಯೂ ಗಟ್ಟಿಯಾಗಿ ನಿಂತಿದೆ. ಕೈಕೊಟ್ಟದ್ದು ಕಬ್ಬಿಣ. 2024ರ ಆಗಸ್ಟ್ 10ರ ರಾತ್ರಿ ಅಣೆಕಟ್ಟಿನ ನೆತ್ತಿಯಲ್ಲಿರುವ 33 ಕ್ರಸ್ಟ್ ಗೇಟುಗಳ ಪೈಕಿ 19ನೆಯದರ ಸರಪಳಿ ತುಂಡಾಗಿ ಗೇಟೇ ಕೊಚ್ಚಿಹೋಯಿತು. ತುಂಬಿದ್ದ ಜಲಾಶಯವನ್ನು ಖಾಲಿ ಮಾಡುತ್ತ, ಉಳಿದ ಗೇಟುಗಳ ಮೇಲಿನ ಒತ್ತಡ ತಗ್ಗಿಸಬೇಕಾಯಿತು. ಹರಿಯುವ ನೀರಿನಲ್ಲೇ ತಾತ್ಕಾಲಿಕ ಗೇಟಿನ ತುಂಡುಗಳನ್ನು ಒಂದೊಂದಾಗಿ ಇಳಿಸಿದ ಕೆಲಸಗಾರರಿಗೆ ಎರಡೂ ರಾಜ್ಯಗಳ ರೈತರು ಋಣಿಗಳು. ಆ ವಾರ ಭತ್ತದ ಸಸಿ ನೆಟ್ಟ ಯಾರೂ ನಮ್ಮಲ್ಲಿ ನೆಮ್ಮದಿಯಾಗಿ ಮಲಗಲಿಲ್ಲ.

ನೀರು ಕದಿಯುತ್ತಿರುವುದು ಯಾರು ಎಂದು ಕೇಳಿದರೆ ನಾನು ಮೊದಲು ಹೂಳನ್ನು ತೋರಿಸುತ್ತೇನೆ. ಆರಂಭದಲ್ಲಿ 133 ಟಿಎಂಸಿ ಅಡಿ (ಒಂದು ಟಿಎಂಸಿ ಎಂದರೆ ನೂರು ಕೋಟಿ ಘನ ಅಡಿ) ಇದ್ದ ಜಲಾಶಯದ ಸಾಮರ್ಥ್ಯ ಈಗ ಸುಮಾರು 105ಕ್ಕೆ ಇಳಿದಿದೆ. ಕೊಪ್ಪಳ ಜಿಲ್ಲೆಯ ನವಲಿಯಲ್ಲಿ ಹೆಚ್ಚುವರಿ ನೀರು ಹಿಡಿದಿಡುವ ಸಮತೋಲನ ಜಲಾಶಯ ಕಟ್ಟುವ ಪ್ರಸ್ತಾವ ಬಂದದ್ದು ಈ ನಷ್ಟ ತುಂಬಿಕೊಳ್ಳಲೆಂದು.

ಆಮೇಲೆ ನಮ್ಮವರನ್ನೇ ತೋರಿಸುತ್ತೇನೆ. ಎಡದಂಡೆ ಕಾಲುವೆಯನ್ನು ಜೋಳ, ಹತ್ತಿಯಂತಹ ಅರೆ ನೀರಾವರಿ ಬೆಳೆಗಳನ್ನು ಲೆಕ್ಕ ಹಿಡಿದು ರೂಪಿಸಲಾಗಿತ್ತು. ಗಂಗಾವತಿ, ಸಿಂಧನೂರು ಕಡೆ ಹೆಚ್ಚು ನೀರು ಬೇಡುವ ಭತ್ತದ ಗದ್ದೆಗಳು ಹಬ್ಬಿದಂತೆ ರಾಯಚೂರಿನ ಕೊನೆಯ ಭಾಗದ ತೂಬುಗಳು ಒಣಗಿದವು. ನಮ್ಮ ದಂಡೆಯಲ್ಲೂ ಮೇಲಿನವರ ಹೊಲ ತುಂಬಿದ ಮೇಲೆಯೇ ಕೆಳಗಿನವರಿಗೆ ನೀರು. ಕಾಲುವೆಗೆ ಯಾವಾಗ, ಎಷ್ಟು ನೀರು ಬಿಡಬೇಕೆಂದು ತೀರ್ಮಾನಿಸುವ ನೀರಾವರಿ ಸಲಹಾ ಸಮಿತಿಯ ಸಭೆ ಹತ್ತಿರವಾದಾಗ ಊರಿನ ಕಟ್ಟೆಯಲ್ಲಿ ಎರಡನೇ ಬೆಳೆಗೆ ನೀರು ಸಿಗುತ್ತದೆಯೇ ಎಂಬ ಮಾತೊಂದೇ. ಆಂಧ್ರದ ಪಾಲಿನ ಬಗ್ಗೆ ಅಲ್ಲಿ ಸಿಟ್ಟಾಗುವವರು ಕಡಿಮೆ. ಮೇಲಿನ ಊರಿನಲ್ಲಿ ಕಾಲುವೆಗೆ ಅಕ್ರಮವಾಗಿ ಇಟ್ಟಿರುವ ಪಂಪ್‌ಸೆಟ್‌ಗಳ ಬಗ್ಗೆ ಸಿಟ್ಟಾಗುವವರೇ ಹೆಚ್ಚು.